ಎರಡನೇ ಪುಟ ಇಲ್ಲದ ಪಾಠಗಳು

ನಮ್ಮ ಟೈಪಿಂಗ್ ಮೇಡಂ ಯಾರ ಬರವಣಿಗೆಯನ್ನೇ ಆಗಲಿ ಮೊದಲು ಕಿವಿಯಲ್ಲಿ ಅಳೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಓದಿ ಹೇಳಬೇಕು, ಅವರು ಕೀಲಿಗಳ ಕಡೆ ನೋಡದೆ ಟೈಪ್ ಮಾಡಬೇಕು. ಅರ್ಧ ಹಾಳೆ ಆಗುವಷ್ಟರಲ್ಲಿ ತೀರ್ಪು ಬರುತ್ತಿತ್ತು.

‘ಇವನಿಗೆ ಉಸಿರು ಜಾಸ್ತಿ ಕಣೋ. ಒಂದು ವಾಕ್ಯ ಮುಗಿಯೋದ್ರೊಳಗೆ ಎರಡು ಸಲ ಗಂಟೆ ಹೊಡೀತು ನೋಡು.’

ಸಾಲು ಕೊನೆಗೆ ಬಂದಾಗ ಟೈಪ್‌ರೈಟರ್ ಟಿಣ್ ಅನ್ನುತ್ತದಲ್ಲ, ಆ ಗಂಟೆ. ಹೀಗೆ ಅಳೆಸಿಕೊಂಡವರು ಬೇಲೂರಿನವರೂ ಅಲ್ಲ, ಹಾಸನದವರೂ ಅಲ್ಲ. ಎಲ್ಲೋ ದೂರದ ದೇಶಗಳಲ್ಲಿ ಕೂತು ಕಂಪ್ಯೂಟರ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಿದ್ದವರು. ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ತಮ್ಮ ವಾಕ್ಯಗಳಿಗೆ ಹೀಗೆ ಪರೀಕ್ಷೆ ನಡೆಯುತ್ತಿದೆ ಎಂದು ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ಮೇಡಂ ಅವರ ಇನ್‌ಸ್ಟಿಟ್ಯೂಟಿನಲ್ಲಿ ಎರಡು ಸಾಲು ಟೈಪ್‌ರೈಟರ್‌ಗಳಿದ್ದವು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಕಿಟಕಿಯ ಪಕ್ಕ ಒಂದು ಕಂಪ್ಯೂಟರ್ ಬಂದು ಕೂತಿತ್ತು. ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯವರು ಹೊಸದು ತಂದಾಗ ಬಿಟ್ಟ ಹಳೆಯದು ಅದು. ಕೀಬೋರ್ಡನ್ನು ತಲೆಕೆಳಗೆ ಮಾಡಿ ತಟ್ಟಿದರೆ ಇನ್ನೂ ತೆಂಗಿನ ನಾರು ಉದುರುತ್ತಿತ್ತು. ಪ್ರಿಂಟರ್ ಇರಲಿಲ್ಲ. ಕನ್ನಡ ಅಕ್ಷರವೂ ಇರಲಿಲ್ಲ.

ಕಟ್ಟಡದ ಮಾಲೀಕರಿಗೆ ಆ ರೂಮು ಬೇಕಾಗಿತ್ತು. ಅವರ ಅಕ್ಕನ ಮಗ ಮೊಬೈಲ್ ಅಂಗಡಿ ಇಡುವವನಿದ್ದ. ಮೇಡಂ ಮಾಲೀಕರಿಗೆ ನೇರವಾಗಿಯೇ ಹೇಳಿದ್ದರು.

‘ಕಂಪ್ಯೂಟರಿಂದು ಒಂದೇ ಒಂದು ಬ್ಯಾಚ್ ಮಾಡಿ ನೋಡ್ತೀನಿ ಯಜಮಾನ್ರೇ. ಜನ ಕೊನೇ ತನಕ ಕೂತ್ರೆ ರೂಮು ನನ್ ಹತ್ರನೇ ಇರ್ಲಿ. ಮಧ್ಯೆ ಎದ್ ಹೋದ್ರೆ ಬೀಗದ ಕೈ ನಾನೇ ತಂದುಕೊಡ್ತೀನಿ.’

‘ಆಯ್ತಮ್ಮ, ನೋಡಿ. ನಂದೇನ್ ಅರ್ಜೆಂಟಿಲ್ಲ,’ ಅಂದಿದ್ದರು ಅವರು. ಅಕ್ಕನ ಮಗ ಮಾತ್ರ ಆಗಾಗ ಮೆಟ್ಟಿಲು ಹತ್ತಿ ಬಂದು ಗೋಡೆಗಳ ಅಳತೆ ನೋಡಿಕೊಂಡು ಹೋಗುತ್ತಿದ್ದ.

ಮೇಡಂಗೆ ಟೈಪಿಂಗ್ ಗೊತ್ತಿತ್ತು, ಕಂಪ್ಯೂಟರ್ ಅಷ್ಟಕ್ಕಷ್ಟೆ. ನನಗೂ ಯಾರೂ ಕಲಿಸಿರಲಿಲ್ಲ. ಆದರೆ ಓದುವ ಹುಚ್ಚಿತ್ತು. ಅರಸೀಕೆರೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ಸ್ಟೇಷನ್ ರಸ್ತೆಯ ಸೈಬರ್ ಕೆಫೆಗೆ ಹೋಗುವುದು, ಸಿಕ್ಕ ಲೇಖನಗಳನ್ನು ಫ್ಲಾಪಿಗೆ ತುಂಬಿಕೊಳ್ಳುವುದು, ಶನಿವಾರ ಜಾವಗಲ್, ಹಳೇಬೀಡು ಮೇಲೆ ಹೋಗುವ ಬಸ್ಸು ಹಿಡಿದು ಬೇಲೂರಿನ ನಮ್ಮ ಮನೆಗೆ ಬರುವುದು. ಬಸ್ಸಿನ ಕುಲುಕಾಟಕ್ಕೆ ಫ್ಲಾಪಿ ಕೆಡುತ್ತದೆ ಎಂದು ಯಾರೋ ಹೇಳಿದ್ದರು. ಅದಕ್ಕೇ ಅದನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ತರುತ್ತಿದ್ದೆ. ಆ ಡಬ್ಬಿಯಲ್ಲಿ ಚಿಕ್ಕಮ್ಮ ಹಿಂದೆ ಚಟ್ನಿಪುಡಿ ಇಡುತ್ತಿದ್ದುದರಿಂದ ನನ್ನ ಫ್ಲಾಪಿಗಳಿಗೆಲ್ಲ ಬೆಳ್ಳುಳ್ಳಿ ವಾಸನೆ.

ಕೆಫೆಯವರದು ಒಂದೇ ಕಟ್ಟಪ್ಪಣೆ. ‘ಚಿತ್ರ ಬ್ಯಾಡ ಕಣ್ಲಾ, ಬರೀ ಅಕ್ಷರ ತಗೋ. ಟೆಲಿಫೋನ್ ಲೈನು, ತಡ್ಕಳಕ್ಕಿಲ್ಲ.’ ಅದರಂತೆ ಚಿತ್ರಗಳಿಲ್ಲದ ಪುಟಗಳನ್ನೇ ತರುತ್ತಿದ್ದೆ. ಚಿತ್ರ ಇರಬೇಕಾದ ಕಡೆಯಲ್ಲೆಲ್ಲ ಒಂದು ಖಾಲಿ ಚೌಕ, ಅದರೊಳಗೆ ಒಂದು ಕೆಂಪು ಕತ್ತರಿ ಗುರುತು.

ಮೇಡಂ ನನ್ನನ್ನು ಕರೆದು, ‘ನೀನು ಓದಿದ್ದನ್ನ ಕನ್ನಡದಲ್ಲಿ ಹೇಳ್ತಾ ಹೋಗು, ನಾನು ಟೈಪ್ ಮಾಡ್ತೀನಿ, ಅದೇ ಪಾಠ,’ ಅಂದರು. ಕಾರ್ಬನ್ ಹಾಳೆ ಇಟ್ಟು ಕನ್ನಡ ಟೈಪ್‌ರೈಟರಿನಲ್ಲಿ ಪ್ರತಿ ತೆಗೆಯುತ್ತಿದ್ದೆವು. ಕೆಳಗಿನ ಪ್ರತಿಗಳು ಮಸುಕಾಗುತ್ತಿದ್ದವು. ಹಿಂದಿನ ಬೆಂಚಿನವರಿಗೆ ಅವು.

ಹೀಗೆ ಬಾಯಿಂದ ಬಾಯಿಗೆ ದಾಟುವಾಗ ಬರೆಯುವವರ ಗುಣ ಬೇರೆ ಬೇರೆಯಾಗಿ ಕಾಣತೊಡಗಿತು. ಅವರ ನಿಜವಾದ ಹೆಸರುಗಳು ನಮ್ಮ ಬಾಯಿಗೆ ಹೊರಳುತ್ತಿರಲಿಲ್ಲ. ಮೇಡಂ ಅಡ್ಡಹೆಸರುಗಳನ್ನು ಇಟ್ಟರು.

ಒಬ್ಬ ಕಾಂಪೌಂಡರ್. ‘ಇದನ್ನು ಒತ್ತಿ. ಈಗ ಇದು ಕಾಣುತ್ತದೆ. ಕಾಣದಿದ್ದರೆ ಮೊದಲಿನಿಂದ ಮಾಡಿ.’ ಇಷ್ಟೇ ಅವನ ಮಾತು. ಊಟಕ್ಕೆ ಮುಂಚೆ ಒಂದು, ಊಟ ಆದ ಮೇಲೆ ಒಂದು ಎಂದು ಪೊಟ್ಟಣ ಕಟ್ಟಿಕೊಡುವವನ ಹಾಗೆ. ಅವನನ್ನು ಟೈಪ್ ಮಾಡುವಾಗ ಸದ್ದು ಒಂದೇ ಸಮನೆ ಬರುತ್ತಿತ್ತು. ಮೇಡಂಗೆ ಅವನು ಅಂದರೆ ಇಷ್ಟ. ನನಗೆ ಅವನನ್ನು ಓದಿದರೆ ಆಕಳಿಕೆ ಬರುತ್ತಿತ್ತು.

ಇನ್ನೊಬ್ಬ ಸೋದರಮಾವ. ಅವನು ಬೈಯುತ್ತಲೇ ಬರೆಯುವವನು. ಮಷೀನು ಮಾಡಿದವರಿಗೆ ಬೈಗುಳ, ಅದರ ಜೊತೆ ಬರುವ ಪುಸ್ತಕ ಬರೆದವರಿಗೆ ಬೈಗುಳ, ಓದುವ ನಮಗೂ ಬೈಗುಳ. ಮದುವೆಮನೆಯಲ್ಲಿ ಚಪ್ಪರದ ಗಂಟಿನಿಂದ ಹಿಡಿದು ಸಾರಿನ ಉಪ್ಪಿನ ತನಕ ಕೊಂಕು ತೆಗೆಯುತ್ತ, ಆದರೆ ಜಾಗ ಬಿಟ್ಟು ಕದಲದೆ ನಿಂತಿರುತ್ತಾರಲ್ಲ ಕೆಲವರು, ಹಾಗೆ. ನಾನು ಅವನಿಗೆ ಮರುಳಾಗಿದ್ದೆ. ಎಷ್ಟರ ಮಟ್ಟಿಗೆ ಅಂದರೆ, ಒಂದು ದಿನ ತಿಂಡಿಗೆ ಕೂತಾಗ, ‘ಈ ಮಿಕ್ಸಿ ಮಾಡಿದವನು ಜನ್ಮದಲ್ಲಿ ಚಟ್ನಿ ತಿಂದಿಲ್ಲ ಅನ್ಸುತ್ತೆ,’ ಅಂದೆ.

‘ಚಟ್ನಿ ಮಾಡಿದೋಳು ನಾನು. ಬಾಯ್ ಮುಚ್ಕೊಂಡು ತಿನ್ನು,’ ಅಂದರು ಚಿಕ್ಕಮ್ಮ.

ಮೂರನೆಯವರು ಒಬ್ಬ ಹೆಂಗಸು. ಏನೇ ಬರೆದರೂ ಮನೆಯಿಂದಲೇ ಶುರು. ಬೆಳಿಗ್ಗೆ ಏನು ಮಾಡಿದೆ, ಮಗು ಏನು ಚೆಲ್ಲಿತು, ಬೆಕ್ಕು ಎಲ್ಲಿ ಮಲಗಿತ್ತು. ಅವರಿಗೆ ತಿಂಡಿಯವರು ಎಂದು ಹೆಸರಾಯಿತು. ಅವರ ಲೇಖನಗಳಲ್ಲಿ ಈ ಮನೆವಾರ್ತೆಯನ್ನು ಹಾರಿಸಿ, ಕಂಪ್ಯೂಟರ್ ಅನ್ನುವ ಮಾತು ಬಂದಲ್ಲಿಂದ ನಾನು ಹೇಳುತ್ತಿದ್ದೆ.

‘ಏನೋ ಬಿಟ್ಟೆ,’ ಅನ್ನುತ್ತಿದ್ದರು ಮೇಡಂ. ನಾನು ಉಸಿರೆಳೆದುಕೊಂಡ ರೀತಿಯಲ್ಲೇ ಅವರಿಗೆ ಗೊತ್ತಾಗುತ್ತಿತ್ತು.

‘ಡಬ್ಬಿ ಮುಚ್ಚಳ ಸಿಗ್ತಿಲ್ಲ ಅಂತ ಬರ್ದಿದಾರೆ ಮೇಡಂ. ನಮಗ್ಯಾಕೆ ಅದು?’

‘ಸರಿ ಬಿಡು.’

ಈ ಎಲ್ಲರಲ್ಲೂ ನನ್ನನ್ನು ಬೆರಗಾಗಿಸಿದ ಒಂದು ಸಾಮಾನ್ಯ ಗುಣವಿತ್ತು. ಯಾರೂ ಲೇಖನವನ್ನು ಮುಗಿಸುತ್ತಿರಲಿಲ್ಲ. ವಿಷಯ ಕಾವೇರುವ ಹೊತ್ತಿಗೆ ನಿಲ್ಲಿಸಿಬಿಡುತ್ತಿದ್ದರು. ಕೊನೆಯಲ್ಲಿ ಒಂದು ಖಾಲಿ ಚೌಕ, ಕೆಂಪು ಕತ್ತರಿ, ಅಷ್ಟೇ. ನಾನು ಇದಕ್ಕೆ ಒಂದು ಸಿದ್ಧಾಂತ ಕಟ್ಟಿದ್ದೆ. ನಮ್ಮ ಕಡೆಯವರು ಎಲ್ಲವನ್ನೂ ಹೇಳಿ, ಕೊನೆಗೆ ಸಾರಾಂಶವನ್ನೂ ಹೇಳಿ ಓದುಗನನ್ನು ದಡ್ಡ ಮಾಡುತ್ತಾರೆ. ಇವರು ಹಾಗಲ್ಲ, ಬಾಗಿಲ ತನಕ ಕರೆದುಕೊಂಡು ಹೋಗಿ ಬಿಡುತ್ತಾರೆ, ಮುಂದಿನದನ್ನು ಓದುವವನು ಯೋಚಿಸಬೇಕು. ಇದು ದೊಡ್ಡವರ ಶೈಲಿ. ಮೇಡಂಗೆ ಹೇಳಿದೆ. ‘ಇದ್ರೂ ಇರಬಹುದು,’ ಅಂದರು ಅವರು. ಪ್ರತಿ ಪಾಠದ ಕೊನೆಗೆ ಸಾಲಾಗಿ ನಕ್ಷತ್ರ ಹೊಡೆಯುವ ಅಭ್ಯಾಸ ಮಾಡಿಕೊಂಡರು.

ಭಾನುವಾರ ಬೆಳಿಗ್ಗೆ ತರಗತಿ. ಬ್ಯಾಚಿನಲ್ಲಿ ಎದ್ದು ಕಾಣುತ್ತಿದ್ದವರು ಹಳೇಬೀಡಿನ ಒಬ್ಬ ಫೋಟೋ ಸ್ಟುಡಿಯೋದವರು. ನಮಗೆಲ್ಲ ಅವರು ಫೋಟೋದಣ್ಣ. ಬೆಂಚಿನಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಮಾದಿಹಳ್ಳಿ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿಯೂ ಸೇರಿ, ಅವರ ಮಾತು ಕೇಳಿ ಸೇರಿದವರು. ಅವರು ಕೂತರೆ ಬ್ಯಾಚು, ಎದ್ದರೆ ಇಲ್ಲ. ಇದು ಮೇಡಂಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಕಲೆ ಅಳಿಸಿ ಹೊಸದು ಮಾಡಿಕೊಡಬೇಕೆಂದು ಅವರಿಗೆ ಆಸೆ. ಅದಕ್ಕೆಂದು ಸ್ಕ್ಯಾನರ್ ತಂದಿದ್ದರು. ಒಂದು ಭಾನುವಾರ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೊತ್ತು ತಂದರು. ಅವತ್ತಿನ ಪಾಠ ಸೋದರಮಾವನದು, ಸ್ಕ್ಯಾನರ್ ಬಗ್ಗೆಯೇ. ಮೇಡಂ ಗಟ್ಟಿಯಾಗಿ ಓದಿದರು. ಸ್ಕ್ಯಾನರ್ ಅಂದರೇನು, ಒಳಗೆ ದೀಪ ಹೇಗೆ ಓಡಾಡುತ್ತದೆ, ತಂತಿಯನ್ನು ಕಂಪ್ಯೂಟರಿನ ಬೆನ್ನಿಗೆ ಎಲ್ಲಿ ಸಿಕ್ಕಿಸಬೇಕು. ‘ಈಗ ಸ್ವಿಚ್ ಹಾಕುವ ಮುಂಚೆ ಒಂದು ಮಾತು,’ ಅಂತ ಬಂತು. ಆಮೇಲೆ ನಕ್ಷತ್ರಗಳು.

‘ಯಾವ್ ಮಾತು?’ ಅಂದರು ಫೋಟೋದಣ್ಣ.

ಮೇಡಂ ನನ್ನ ಕಡೆ ನೋಡಿದರು.

‘ಅಷ್ಟೇ ಅಣ್ಣಾ. ಅವ್ರ ಸ್ಟೈಲ್ ಹಂಗೆ. ಮಿಕ್ಕಿದ್ದು ನಾವೇ ಯೋಚ್ನೆ ಮಾಡ್ಬೇಕು,’ ಅಂದೆ.

‘ಸ್ಟೈಲಾ? ಹಂಗಾರೆ ನಾನೂ ಮದ್ವೆ ಫೋಟೋ ಹಿಂಗೇ ತಗೀಲಾ? ಗಂಡು ತಾಳಿ ಕೈಗ್ ಎತ್ಕಂಡ. ಅಲ್ಗೆ ರೀಲ್ ಖಾಲಿ. ಮಿಕ್ಕಿದ್ದು ನೀವೇ ಯೋಚ್ನೆ ಮಾಡ್ಕಳಿ ಅನ್ಲಾ? ಹೆಣ್ಣಿನ್ ಕಡೆಯೋರು ನನ್ ಮೈ ಮ್ಯಾಲೆ ಚರ್ಮ ಬಿಟ್ಟಾರಾ?’

ಡೈರಿ ಹುಡುಗಿ ಮೊದಲು ನಕ್ಕಳು. ಆಮೇಲೆ ಎಲ್ಲರೂ ತಮ್ಮ ಹಳೆಯ ಪಾಠಗಳನ್ನು ತಿರುವಿ ನೋಡತೊಡಗಿದರು. ಪ್ರತಿಯೊಂದೂ ತಾಳಿ ಎತ್ತಿಕೊಂಡಲ್ಲಿಗೇ ನಿಂತಿತ್ತು.

‘ನೋಡಿ ಮೇಡಂ,’ ಅಂದರು ಫೋಟೋದಣ್ಣ ಏಳುತ್ತ, ಈಗ ನಗದೆ. ‘ಭಾನುವಾರ ಅಂದ್ರೆ ನಮಗೆ ಟೂರಿಸ್ಟ್ ಬರೋ ದಿನ. ಅದನ್ ಬಿಟ್ಟು ಬತ್ತಾ ಇದೀನಿ. ಮುಂದಿನ್ ವಾರ ಇದರ ಮುಂದ್ಲದು ಸಿಗ್ಬೇಕು. ಇಲ್ಲಾಂದ್ರೆ ನನ್ ದಾರಿ ನಾನ್ ನೋಡ್ಕತೀನಿ.’

ಸೋಮವಾರ ಕೆಫೆಯವರಿಗೆ ವಿಷಯ ಹೇಳಿದೆ. ಅವರು ಸೋದರಮಾವನ ಪುಟವನ್ನು ತೆರೆಸಿ, ಆ ಕೊನೆಯ ಖಾಲಿ ಚೌಕದ ಮೇಲೆ ಮೌಸ್ ಒಯ್ದು ಒತ್ತಿದರು. ಎರಡನೇ ಪುಟದ ತಲೆಬರಹ ನಿಧಾನವಾಗಿ ಇಳಿಯತೊಡಗಿತು.

‘ಇದು ಮುಂದಿನ ಪುಟಕ್ಕೆ ಹೋಗೋ ಬಾಣ ಕಣ್ಲಾ! ಚಿತ್ರ ತಗದಿದ್ದಕ್ಕೆ ಚೌಕ ಕಾಣ್ತೈತೆ. ಏನ್ಲಾ, ಇಷ್ಟ್ ದಿನ ಎಲ್ಲರ್ದೂ ಬರೀ ತಲೆ ಓದ್ಕಂಡು ಕೂತಿದ್ಯಾ?’

ಅವರ ನಗು ನಿಲ್ಲುವ ಮೊದಲೇ ಲೈನು ನಿಂತಿತು. ರಸ್ತೆ ಅಗೆಯುವವರು ಟೆಲಿಫೋನ್ ಕೇಬಲ್ ಕಡಿದಿದ್ದರು. ವಾರವಿಡೀ ಅದು ಸರಿಹೋಗಲಿಲ್ಲ.

ಶನಿವಾರ ಬರಿಗೈಯಲ್ಲಿ ಬೇಲೂರಿಗೆ ಬಂದೆ. ಮೇಡಂ ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. ಟೈಪ್‌ರೈಟರಿಗೆ ಹಾಳೆ ಸಿಕ್ಕಿಸಿ, ಅಂಚು ಸರಿ ಮಾಡಿ, ‘ಹೇಳು,’ ಅಂದರು.

‘ಏನ್ ಹೇಳ್ಲಿ ಮೇಡಂ?’

‘ಎರಡನೇ ಪುಟ. ಇಷ್ಟು ದಿನ ಅವರ ಧಾಟಿ ಬಾಯಲ್ಲಿ ಇಟ್ಕೊಂಡಿದ್ದೀಯಲ್ಲ. ಮುಂದೆ ಏನ್ ಹೇಳ್ತಾರೆ ಅಂತ ನಿನಗೆ ಗೊತ್ತಾಗ್ಬೇಕು. ಕಾಂಪೌಂಡರ್‌ದು ಶುರು ಮಾಡು.’

ಕಾಂಪೌಂಡರನದು ಸರಾಗವಾಗಿ ಬಂತು. ಒಂದು ಮೆಟ್ಟಿಲು ಇಟ್ಟ ಮೇಲೆ ಇನ್ನೊಂದು ಎಲ್ಲಿರಬೇಕೆಂದು ಅದೇ ತೋರಿಸುತ್ತಿತ್ತು. ತಿಂಡಿಯವರದು ಬರಲೇ ಇಲ್ಲ. ಯಾವ ಕಡತ ಯಾವ ಪ್ರೋಗ್ರಾಂನಲ್ಲಿ ತೆರೆಯುತ್ತದೆ ಎನ್ನುವ ಲೇಖನ ಅದು. ಎಲ್ಲಿಗೆ ಹೊರಟಿದ್ದಾರೆಂದು ತಿಳಿಯದೆ ನಾಲ್ಕು ಸಾಲಿಗೆ ಕೈಬಿಟ್ಟೆ. ಸೋದರಮಾವ ಮಾತ್ರ ಹೊಳೆಯ ಹಾಗೆ ಹರಿದ. ಸ್ಕ್ಯಾನರ್ ಮಾಡಿದವರ ಮನೆತನವನ್ನೇ ಎತ್ತಿ ಆಡಿದೆ. ಮೇಡಂ ಟೈಪ್ ಮಾಡುತ್ತ ಮಾಡುತ್ತ ನಕ್ಕು, ಒಂದು ಕಡೆ ತಪ್ಪು ಕೀಲಿ ಒತ್ತಿದರು. ಅವರ ಕೈಯಲ್ಲಿ ತಪ್ಪಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಮೇಡಂ ಯಾವುದನ್ನೂ ಮುಚ್ಚಿಡಲಿಲ್ಲ. ‘ಮೊದಲನೇ ಪುಟ ಅವರದು, ಎರಡನೇದು ಈ ಹುಡುಗನದು. ನಿಜವಾದದ್ದು ಇನ್ನೂ ಕೈಗೆ ಬಂದಿಲ್ಲ. ಮಷೀನಲ್ಲಿ ಮಾಡಿ ನೋಡಿ, ಆಗದೇ ಇರೋ ಸಾಲಿಗೆ ಕೆಂಪು ಹೊಡೀರಿ,’ ಎಂದು ಟೈಪಿಂಗ್ ಪರೀಕ್ಷೆ ತಿದ್ದುವ ಕೆಂಪು ಪೆನ್ಸಿಲುಗಳನ್ನು ಎಲ್ಲರಿಗೂ ಹಂಚಿದರು.

ಕಾಂಪೌಂಡರನ ಹಾಳೆಯಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು. ಆಮೇಲೆ ಸ್ಕ್ಯಾನರ್. ನನ್ನ ಬೈಗುಳಗಳಿಗೆ ಬೆಂಚೆಲ್ಲ ನಕ್ಕಿತು. ಫೋಟೋದಣ್ಣ ತಂತಿ ಸಿಕ್ಕಿಸಿ ಸ್ವಿಚ್ ಹಾಕಿದರು. ಒಳಗಿನಿಂದ ಗರಗರ ಎಂದು, ಹಲ್ಲು ಕಡಿದ ಹಾಗೆ ಸದ್ದು ಬಂತು. ದೀಪ ಹತ್ತಿತು, ಕದಲಲಿಲ್ಲ. ಅವರು ತಟ್ಟನೆ ಸ್ವಿಚ್ ಆರಿಸಿದರು.

‘ಬರ್ದಿರೋದು ಚೆನ್ನಾಗೈತಪ್ಪಾ. ನನ್ ಮಷೀನ್ ಹಾಳಾಯ್ತಲ್ಲ?’

ಅವರು ಗೋಣಿಚೀಲ ಸುತ್ತಿ, ‘ಬತ್ತೀನಿ ಮೇಡಂ,’ ಎಂದು ಇಳಿದುಹೋದರು. ಡೈರಿ ಹುಡುಗಿಯೂ ಇನ್ನಿಬ್ಬರೂ ತಮ್ಮ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಮೇಡಂ ಆ ದಿನದ ಮಿಕ್ಕ ಪಾಠ ಮುಗಿಸಿದರು, ಯಾವತ್ತಿನ ಅದೇ ದನಿಯಲ್ಲಿ.

ಬುಧವಾರ ಲೈನು ಬಂತು. ಬಂದ ಕೂಡಲೇ ಎಲ್ಲರ ಎರಡನೇ ಪುಟ, ಮೂರನೇ ಪುಟ, ಇದ್ದಷ್ಟನ್ನೂ ಇಳಿಸಿಕೊಂಡೆ. ಕೆಫೆಯಲ್ಲೇ ಕೂತು ಮೊದಲು ಸೋದರಮಾವನದನ್ನು ಓದಿದೆ.

ಬೈಗುಳ ಹೆಚ್ಚೂಕಡಿಮೆ ನಾನು ಬರೆದ ಹಾಗೆಯೇ ಇತ್ತು. ಆದರೆ ಅದು ಒಂದು ಘಟನೆಯಿಂದ ಹೊರಟಿತ್ತು. ಅವನು ಒಂದು ಸ್ಕ್ಯಾನರನ್ನು ಮನೆಗೆ ತಂದು, ನೇರವಾಗಿ ಸ್ವಿಚ್ ಹಾಕಿ, ಇದೇ ಗರಗರ ಸದ್ದು ಕೇಳಿಸಿಕೊಂಡಿದ್ದ. ಸಾಗಿಸುವಾಗ ಒಳಗಿನ ದೀಪ ಅಲುಗಾಡದಿರಲೆಂದು ಮಷೀನಿನ ಹೊಟ್ಟೆಯ ಕೆಳಗೆ ಒಂದು ಬೀಗ ಇಟ್ಟಿರುತ್ತಾರೆ. ಅದನ್ನು ತಿರುಗಿಸಿ ಬಿಡಿಸದೆ ಸ್ವಿಚ್ ಹಾಕಬಾರದು. ಆ ಮಾತನ್ನು ಯಾರೂ ನೋಡದ ತಳದಲ್ಲಿ ಅಚ್ಚು ಹಾಕಿದವರಿಗೆ ಅವನು ಬೈಯುತ್ತಿದ್ದ. ತಾನು ಎಡವಿದ ಕಲ್ಲುಗಳಿಗಷ್ಟೇ ಅವನು ಬೈಯುವುದು ಎಂದು ಹಳೆಯ ಲೇಖನಗಳನ್ನೂ ಪೂರ್ತಿ ಓದಿದಾಗ ತಿಳಿಯಿತು. ನಾನು ಎಲ್ಲೂ ಎಡವದೆ ಬೈದಿದ್ದೆ.

ತಿಂಡಿಯವರ ಎರಡನೇ ಪುಟದಲ್ಲಿ ಆ ಡಬ್ಬಿ ಮುಚ್ಚಳಗಳಿದ್ದವು. ಕಡತದ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಬರುವ ಮೂರಕ್ಷರವೇ ಮುಚ್ಚಳ. ಒಂದು ಡಬ್ಬಿಯ ಮುಚ್ಚಳವನ್ನು ಇನ್ನೊಂದಕ್ಕೆ ಒತ್ತಿದರೆ ಏನಾಗುತ್ತದೆ ಎನ್ನುವುದೇ ಪಾಠ. ಹಾರಿಸಿದವನಿಗೆ ಇದು ಊಹೆಗೂ ಸಿಗುವ ಹಾಗಿರಲಿಲ್ಲ. ಕಾಂಪೌಂಡರನದು ನನ್ನ ಊಹೆಗೆ ಬಹಳ ಹತ್ತಿರ. ಅವನ ಬಗ್ಗೆ ನನಗಿದ್ದ ಆಕಳಿಕೆ ಅಲ್ಲಿಗೆ ಹೋಯಿತು. ಮುಂದಿನ ಹೆಜ್ಜೆಯನ್ನು ಓದುವವನೇ ಇಡುವಂತೆ ಬರೆಯುವುದು ಸುಲಭವಲ್ಲ ಎಂದು ಬರೆಯಲು ಕೂತಾಗ ಗೊತ್ತಾಗಿತ್ತು.

ಶನಿವಾರ ಬಸ್ಸಿನಲ್ಲಿ ಬೇಲೂರಿನ ತನಕ ಹೋಗದೆ ಹಳೇಬೀಡಿನಲ್ಲೇ ಇಳಿದೆ. ಫೋಟೋದಣ್ಣ ಸ್ಟುಡಿಯೋದಲ್ಲಿ ಒಂದು ಕುಟುಂಬಕ್ಕೆ ಗದ್ದ ಎತ್ತಿ ಎನ್ನುತ್ತಿದ್ದರು. ಸ್ಕ್ಯಾನರ್ ಮೂಲೆಯಲ್ಲಿ ಗೋಣಿಚೀಲದಲ್ಲೇ ಇತ್ತು. ಜನ ಹೋದ ಮೇಲೆ ಕೈಯಲ್ಲಿ ಬರೆದು ತಂದಿದ್ದ ಎರಡನೇ ಪುಟವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬೀಗದ ಮಾತು ಬರುವಷ್ಟರಲ್ಲಿ ಅವರು ಸ್ಕ್ಯಾನರನ್ನು ಬೋರಲು ಹಾಕಿಯಾಗಿತ್ತು. ತಳದಲ್ಲಿ ಪುಟ್ಟ ಬೀಗದ ಚಿತ್ರ, ಅದರ ಪಕ್ಕ ಒಂದು ತಿರುಪು.

‘ಅಲ್ಲಾ, ಇದನ್ನ ತಿಕದ್ ಕೆಳಗಡೆ ಬರ್ದವ್ನಲ್ಲಪ್ಪಾ! ಯಾವನ್ ನೋಡ್ತಾನೆ ಅಲ್ಲಿ?’ ಎಂದು ನಾಣ್ಯ ತೂರಿಸಿ ತಿರುಗಿಸಿದರು. ಟಕ್ ಎಂದಿತು. ‘ಅವ್ನು ಏನಂತ ಬೈದವ್ನೆ, ಇನ್ನೊಂದ್ ಸಲ ಹೇಳು.’

ಹೇಳಿದೆ.

‘ಇವ್ನು ಅನುಬವ್ಸಿದೋನು ಕಣಪ್ಪಾ. ನಿಂದು ನಾಟ್ಕದ್ ಕಂಪ್ನಿ ಬೈಗುಳ ಆಗಿತ್ತು. ಆಗ್ಲಿ, ನಾಳಿಕ್ ತತ್ತೀನಿ. ಕೆಟ್ಟಿದ್ರೆ ಮಾತ್ರ ಅವ್ನ ಅಡ್ರೆಸ್ ಕೊಡ್ಬೇಕು ನೀನು.’

ಕೆಟ್ಟಿರಲಿಲ್ಲ. ಭಾನುವಾರ ದೀಪ ಈ ತುದಿಯಿಂದ ಆ ತುದಿಗೆ ಹೋಯಿತು. ಪರದೆಯ ಮೇಲೆ ಫೋಟೋದಣ್ಣನ ಅಪ್ಪನ ಹಳೆಯ ಪಟ ತಲೆಕೆಳಗಾಗಿ ಮೂಡಿತು.

‘ಜೀವನದಾಗೂ ಹಿಂಗೇ ಇದ್ದ ನಮ್ಮಪ್ಪ, ಬಿಡಿ,’ ಅಂದರು ಅವರು. ಡೈರಿ ಹುಡುಗಿ ಚೀಲವನ್ನು ತೊಡೆಯಿಂದ ತೆಗೆದು ಬೆಂಚಿನ ಕೆಳಗಿಟ್ಟಳು.

ಅಲ್ಲಿಂದ ಮುಂದೆ ಪಾಠದ ಕ್ರಮ ಬದಲಾಯಿತು. ಮೇಡಂ ಮೊದಲ ಪುಟವನ್ನು ಮಾತ್ರ ಓದುತ್ತಿದ್ದರು. ಎರಡನೆಯದನ್ನು ಬೆಂಚಿನವರೇ ಬರೆಯಬೇಕು. ಮಷೀನಿನಲ್ಲಿ ಮಾಡಿ ನೋಡಬೇಕು. ಕೊನೆಗೆ ಕಾರ್ಬನ್ ಪ್ರತಿಯಲ್ಲಿ ನಿಜವಾದದ್ದು. ಕೆಲವೇ ವಾರಗಳಲ್ಲಿ ಅವರೆಲ್ಲ ಬರೆದವರ ಹೆಸರು ಹೇಳದಿದ್ದರೂ ಗುರುತು ಹಿಡಿಯುವ ಹಾಗಾದರು. ಡೈರಿ ಹುಡುಗಿ ತಿಂಡಿಯವರ ಎರಡನೇ ಪುಟವನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಮುಚ್ಚಳವನ್ನು ಅವಳು ಒಂದು ಸಲವೂ ಹಾರಿಸಲಿಲ್ಲ. ಫೋಟೋದಣ್ಣ ಮಾತ್ರ ಯಾರ ಲೇಖನವನ್ನೇ ಕೊಟ್ಟರೂ ಸೋದರಮಾವನ ಹಾಗೆಯೇ ಮುಂದುವರಿಸುತ್ತಿದ್ದರು. ಕಾಂಪೌಂಡರನಿಗೂ ಅವರ ಕೈಯಲ್ಲಿ ಕೋಪ ಬರುತ್ತಿತ್ತು.

ಬ್ಯಾಚಿನ ಕೊನೆಯ ಭಾನುವಾರ ಮಾಲೀಕರು ಅಕ್ಕನ ಮಗನ ಜೊತೆ ಮೇಲೆ ಬಂದರು. ಬೆಂಚಿನಲ್ಲಿ ಜಾಗ ಇರಲಿಲ್ಲ. ಫೋಟೋದಣ್ಣ ಹಳೇಬೀಡಿನಿಂದ ಕರೆತಂದಿದ್ದ ಇಬ್ಬರು ಹೊಸಬರು ಗೋಡೆಗೆ ಒರಗಿ ನಿಂತಿದ್ದರು. ಮಾಲೀಕರು ಬಾಗಿಲಲ್ಲೇ ನಿಂತು ಎಲ್ಲರನ್ನೂ ನೋಡಿದರು.

‘ಇದು ಯಾವಾಗ್ ಮುಗಿಯುತ್ತಮ್ಮ?’

‘ಇದು ಇವತ್ತಿಗೆ ಮುಗೀತು ಯಜಮಾನ್ರೇ. ಈ ನಿಂತಿರೋರ್ದು ಬರೋ ವಾರ ಶುರು.’

ಅವರು ತಲೆಯಾಡಿಸಿದರು. ಅಕ್ಕನ ಮಗ ಅವರ ಕಿವಿಯಲ್ಲಿ ಏನೋ ಹೇಳಿದ. ‘ಹಂಗಾದ್ರೆ ಕೆಳಗೆ ಮೆಟ್ಟಿಲ ಅಡಿ ಜಾಗ ಇದೆಯಲ್ಲ, ಅಲ್ಲಿ ಸಣ್ಣದಾಗಿ ಇಟ್ಕೋತಾನಂತೆ ಅಂಗಡಿ. ನಿಮಗೇನೂ ತೊಂದ್ರೆ ಇಲ್ವಲ್ಲ?’

‘ಇಟ್ಕೊಳ್ಳಿ. ಹಾಡು ಜೋರಾಗ್ ಇಡ್ಬಾರ್ದು ಅಷ್ಟೇ. ನಮಗೆ ಇಲ್ಲಿ ಕಿವಿ ಬೇಕು,’ ಅಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, ‘ಹೂಂ, ಎಲ್ಲಿಗ್ ಬಂದಿದ್ವಿ? ಓದು,’ ಅಂದರು.